ಗೇಟಿನ ಬಳಿ ಬೆಲ್ಲ

ಕುದುರೆಯನ್ನು ಹಗ್ಗವಿಲ್ಲದೆ ಬಿಟ್ಟು ಪಳಗಿಸಬಹುದು ಎಂದು ಯಾರಾದರೂ ಹೇಳಿದ್ದರೆ ಅರವತ್ತು ದಾಟುವವರೆಗೆ ನಾನು ನಂಬುತ್ತಿರಲಿಲ್ಲ. ಕುದುರೆ ದಳವೊಂದರಲ್ಲಿ ಮೂವತ್ತೆರಡು ವರ್ಷ ಸವಾರನಾಗಿದ್ದೆ. ಕೊನೆಯ ಹತ್ತು ವರ್ಷ ಹೊಸ ಕುದುರೆಗಳನ್ನು ತಯಾರು ಮಾಡುವ ಕೆಲಸ. ಅಲ್ಲಿ ಕುದುರೆಯ ತಲೆಗೆ ಪಟ್ಟಿ, ಪಟ್ಟಿಗೆ ಉದ್ದನೆಯ ಹಗ್ಗ, ಹಗ್ಗದ ಈ ತುದಿಯಲ್ಲಿ ಮನುಷ್ಯ. ಮನುಷ್ಯ ನಡುವೆ ನಿಂತಿರುತ್ತಾನೆ, ಕುದುರೆ ಅವನ ಸುತ್ತ ಓಡುತ್ತದೆ. ಹಗ್ಗ ಕೈಬಿಟ್ಟರೆ ಶಿಕ್ಷೆ.

ಎಲ್ಲಕ್ಕೂ ಹೊತ್ತು ಗೊತ್ತಿತ್ತು. ಐದಕ್ಕೆ ಏಳುವುದು, ಐದೂವರೆಗೆ ಲಾಯ, ಆರಕ್ಕೆ ಮೈದಾನ. ಕೆಲಸ ಮುಗಿದ ಮೇಲೆ ಕುದುರೆಯನ್ನು ಮೈದಾನದ ಗೇಟಿನವರೆಗೆ ನಡೆಸಿಕೊಂಡು ಬಂದು, ಅಲ್ಲಿ ನಿಲ್ಲಿಸಿ, ಅಂಗೈಯಲ್ಲಿಟ್ಟು ಒಂದು ಚೂರು ಬೆಲ್ಲ ಕೊಡುವುದು. ಬೆಲ್ಲ ಗೇಟಿನಲ್ಲೇ, ಬೇರೆಲ್ಲೂ ಇಲ್ಲ. ನನಗೆ ಹೇಳಿಕೊಟ್ಟವರು ಹಾಗೆ ಹೇಳಿಕೊಟ್ಟರು, ನಾನು ಇತರರಿಗೆ ಹಾಗೆಯೇ ಹೇಳಿಕೊಟ್ಟೆ. ಯಾಕೆ ಎಂದು ಯಾರೂ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ಚಾಮರಾಜಪೇಟೆಯ ಎರಡು ಕೋಣೆಯ ಮನೆಯಲ್ಲಿ ನಾನು, ನನ್ನ ಹೆಂಡತಿ. ಐದಕ್ಕೆ ಏಳುವುದು ತಪ್ಪಲಿಲ್ಲ. ಎದ್ದು ಬೂಟಿಗೆ ಪಾಲಿಷ್ ಹಾಕಿ ವಾಕಿಂಗ್ ಹೊರಡುತ್ತಿದ್ದೆ. ಮೈಸೂರು ರಸ್ತೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ತಗಡಿನ ಚಾವಣಿಯ ಲಾಯವಿತ್ತು. ಅದರ ಯಜಮಾನನ ತಂದೆ ಮಾರ್ಕೆಟ್ಟಿನಿಂದ ರೈಲ್ವೆ ಸ್ಟೇಷನ್ನಿಗೆ ಜಟಕಾ ಓಡಿಸಿದವರು. ಜಟಕಾಗಳೆಲ್ಲ ಹೋಗಿ ಆಟೋಗಳು ಬಂದ ಮೇಲೆ ಮಗ ಮೂರು ಕುದುರೆ ಇಟ್ಟುಕೊಂಡು ಮದುವೆ ದಿಬ್ಬಣಗಳಿಗೆ ಕಳಿಸುತ್ತಿದ್ದ. ನಾನು ದಾರಿಯಲ್ಲಿ ನಿಂತು ಗೊರಸು ನೋಡುತ್ತಿದ್ದೆ, ಲಾಳ ಸಡಿಲವಾಗಿದ್ದರೆ ಹೇಳುತ್ತಿದ್ದೆ. ಅಷ್ಟೇ ನಮ್ಮ ಪರಿಚಯ.

ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್. ಲಾಯದ ಮೂಲೆಯಲ್ಲಿ ಬಿಳಿಯ ಹೆಣ್ಣು ಕುದುರೆಯನ್ನು ಕಟ್ಟದೆ, ಬೊಂಬಿನ ಅಡ್ಡಗಟ್ಟೆಯೊಳಗೆ ಹಾಗೇ ಬಿಟ್ಟಿದ್ದರು. ಮೂರು ಕುದುರೆಗಳಲ್ಲಿ ಅದೇ ಚೆಂದ, ದಿಬ್ಬಣಕ್ಕೆ ಜನ ಅದನ್ನೇ ಕೇಳುತ್ತಿದ್ದರು. ಕಟ್ಟದಿದ್ದುದಕ್ಕೆ ನನಗೆ ಸಿಟ್ಟು ಬಂತು.

"ಇದೇನಪ್ಪಾ, ಕುದುರೇನ ಕುರಿ ಥರ ಬಿಟ್ಟಿದೀಯ?"

"ಹಗ್ಗ ತಗೊಂಡ್ ಹತ್ರ ಹೋದ್ರೆ ಸಾಕು ಸಾರ್, ಎರಡು ಕಾಲ್ ಮೇಲೆ ಎದ್ದು ನಿಂತ್ಕೊಳ್ತಾಳೆ" ಎಂದ ಯಜಮಾನ. "ಮದುವೆ ಗಂಡನ್ನ ಕೂರಿಸಿದ್ರೆ ದಿಬ್ಬಣ ಸೀದಾ ಆಸ್ಪತ್ರೆಗೇನೇ."

ನಡೆದದ್ದನ್ನು ಹೇಳಿದ. ಹಿಂದಿನ ತಿಂಗಳು ಬಸವನಗುಡಿಯ ಒಂದು ಛತ್ರದ ಮುಂದೆ ಯಾರೋ ಅದರ ಹೊಟ್ಟೆಯ ಕೆಳಗೇ ಸರಪಟಾಕಿ ಹಚ್ಚಿದ್ದರು. ಕುದುರೆ ಜಿಗಿಯಿತು, ವರ ಬಿದ್ದ. ನಾಲ್ಕು ಜನ ಹಗ್ಗಕ್ಕೆ ಜೋತುಬಿದ್ದು, ಪಟಾಕಿ ಮುಗಿಯುವವರೆಗೆ ಅದನ್ನು ಅದೇ ಹೊಗೆಯಲ್ಲಿ ಹಿಡಿದು ನಿಲ್ಲಿಸಿದ್ದರು. ಅಂದಿನಿಂದ ಅದಕ್ಕೆ ಹಗ್ಗ ಕಂಡರೆ ಆಗದು. ಈಗ ಧನುರ್ಮಾಸ, ಮದುವೆಗಳಿಲ್ಲ. ಸಂಕ್ರಾಂತಿ ಕಳೆದು ಲಗ್ನಗಳು ಶುರುವಾಗುವ ಹೊತ್ತಿಗೆ ಸರಿಹೋಗದಿದ್ದರೆ ದಲ್ಲಾಳಿಗೆ ಕೊಟ್ಟುಬಿಡುವುದು ಎಂದು ತೀರ್ಮಾನಿಸಿದ್ದ.

"ದಲ್ಲಾಳಿ ಎಲ್ಲಿಗೆ ತಗೊಂಡ್ ಹೋಗ್ತಾನೆ?"

ಅವನು ಮೇವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ಇಲ್ಲಿ ಒಂದು ಮಾತು ಹೇಳಬೇಕು. ದಳದಲ್ಲಿ ಹನ್ನೊಂದು ವರ್ಷ ನಾನು ಒಂದೇ ಕುದುರೆಯನ್ನು ಹತ್ತಿದ್ದೆ. ಅದಕ್ಕೆ ವಯಸ್ಸಾದಾಗ ಹರಾಜಿಗೆ ಹಾಕಿದರು. ಬೆಳಿಗ್ಗೆ ಹತ್ತಕ್ಕೆ ಹಾಜರುಪಡಿಸಬೇಕೆಂದು ಆದೇಶವಿತ್ತು. ಹತ್ತಕ್ಕೆ ಐದು ನಿಮಿಷವಿರುವಾಗ ನಾನು ಅದನ್ನು ತಂದು ನಿಲ್ಲಿಸಿ, ಹಗ್ಗವನ್ನು ಗುಮಾಸ್ತನ ಕೈಗೆ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಿ ಹಿಂದಿರುಗಿದೆ. ಹಿಂದೆ ಕೆನೆಯುವುದು ಕೇಳಿಸಿತು. ತಿರುಗಿ ನೋಡಲಿಲ್ಲ. ಹತ್ತೂವರೆಗೆ ಬೇರೆ ಕೆಲಸವಿತ್ತು.

ಅದಕ್ಕೇ ಇರಬೇಕು, ಮರುದಿನ ಬೆಳಿಗ್ಗೆ ಲಾಯದ ಮುಂದೆ ನಿಂತು, "ಹಗ್ಗ ಇಲ್ದೆ ನೋಡೋಣ" ಎಂದುಬಿಟ್ಟೆ.

"ಹಗ್ಗ ಇಲ್ದೆ ಕುದುರೇನಾ? ನೀವೇ ಹೀಗಂದ್ರೆ ಹೇಗೆ ಸಾರ್? ಸ್ಟೇರಿಂಗ್ ಇಲ್ದೆ ಬಸ್ ಓಡಿಸ್ತೀನಿ ಅಂದ ಹಾಗಾಯ್ತು."

"ನಾಲ್ಕು ಗೋಡೆ ಇರೋ ಜಾಗ ಕೊಡು. ಒಂದು ತಿಂಗಳು ಕೊಡು."

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಒಗ್ಗರಣೆ ಸೌಟನ್ನು ಕೆಳಗಿಡಲೇ ಇಲ್ಲ. "ರಿಟೈರಾದ ಮೇಲಾದ್ರೂ ಈ ಮನೆಯಿಂದ ಕುದುರೆ ವಾಸನೆ ಹೋಗುತ್ತೆ ಅಂದ್ಕೊಂಡಿದ್ದೆ. ಹೋಗಿ, ಹೋಗಿ. ಒದೆಸಿಕೊಂಡು ಬಂದ್ರೆ ಮಾತ್ರ ಕಾಲು ನಾನು ಒತ್ತಲ್ಲ."

ಜಾಗ ಸಿಕ್ಕಿತು. ಎರಡು ಬೀದಿ ಆಚೆ ಒಂದು ಸೌದೆ ಡಿಪೋ. ಮನೆಮನೆಗೂ ಗ್ಯಾಸ್ ಬಂದ ಮೇಲೆ ಸೌದೆ ಕೇಳುವವರಿಲ್ಲದೆ ಅದನ್ನು ಮುಚ್ಚಿದ್ದರು. ಮೂರು ಕಡೆ ಎತ್ತರದ ಗೋಡೆ, ಬೀದಿಯ ಕಡೆಗೆ ತಗಡು ಹೊಡೆದ ದೊಡ್ಡ ಗೇಟು. ಒಳಗೆ ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕಂಬ, ನೆಲದ ತುಂಬ ತೊಗಟೆ, ಚಕ್ಕೆ, ಮೊಳೆ.

ಮೂರು ದಿನ ನಾನು ಬರೀ ಜಾಗ ಸಿದ್ಧಮಾಡಿದೆ. ಮಾಡಬೇಕಾದ್ದನ್ನು ಕಾಗದದಲ್ಲಿ ಬರೆದು ಒಂದೊಂದಾಗಿ ಹೊಡೆದುಹಾಕುತ್ತ ಬಂದೆ. ನೆಲವನ್ನು ಕಸಬರಿಕೆಯಿಂದ ಎರಡು ಸಲ ಗುಡಿಸಿ, ಮೂರನೆಯ ಸಲ ಮಂಡಿಯೂರಿ ಕೈಯಲ್ಲೇ ಮೊಳೆ ಹುಡುಕಿದೆ. ಕಂಬವನ್ನು ಕೀಳಿಸಿದೆ. ಹೆದರಿದ ಕುದುರೆ ಮೂಲೆಗೆ ಸಿಕ್ಕಿಕೊಂಡರೆ ಒದೆಯುತ್ತದೆ, ಆದ್ದರಿಂದ ನಾಲ್ಕು ಮೂಲೆಗೂ ಸರ್ವೆ ಕಂಬಗಳನ್ನು ಅಡ್ಡ ಕಟ್ಟಿ, ಅಂಗಳ ದುಂಡಗಾಗುವಂತೆ ಮಾಡಿದೆ. ಗೋಡೆಯುದ್ದಕ್ಕೂ ಹುಲ್ಲು ತುಂಬಿದ ಗೋಣಿಚೀಲ ನಿಲ್ಲಿಸಿದೆ. ನೆಲಕ್ಕೆ ಮರಳು ಹರಡಿಸಿದೆ. ಗೇಟಿಗೆ ಹೊಸ ಸರಪಳಿ ತಂದೆ. ಗೇಟಿನ ಮುಂದೆ ಚೀಲ ಇಡಲಿಲ್ಲ, ಗೇಟನ್ನು ದಿನವೂ ತೆರೆದು ಮುಚ್ಚಬೇಕಲ್ಲ. ಕಾಗದದಲ್ಲಿ ಹೊಡೆದುಹಾಕದ ಸಾಲು ಒಂದೂ ಉಳಿಯಲಿಲ್ಲ.

ಹಗ್ಗವಿಲ್ಲದ ಕುದುರೆಯನ್ನು ಲಾಯದಿಂದ ಡಿಪೋಗೆ ತಂದದ್ದು ಹೇಗೆ ಎಂದರೆ, ಯಜಮಾನ ಮುಂದೆ ಹುರುಳಿಯ ಬುಟ್ಟಿ ಹಿಡಿದು ನಡೆದ, ಹಿಂದೆ ಎರಡು ಕಡೆಯೂ ನಾನೂ ಲಾಯದ ಆಳೂ ಬೊಂಬು ಅಡ್ಡ ಹಿಡಿದೆವು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಧನುರ್ಮಾಸದ ಪೂಜೆಗೆ ಹೊರಟ ಹೆಂಗಸರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

ಮೊದಲ ದಿನ ಬಾಲವೆತ್ತಿ ಗೋಡೆಯಗುಂಟ ಓಡಿತು. ನನ್ನನ್ನು ನೋಡಲೇ ಇಲ್ಲ. ನಾನು ನಡುವೆ ನಿಂತಿದ್ದೆ, ಕೈಯಲ್ಲಿ ತುದಿಗೆ ಬಟ್ಟೆ ಕಟ್ಟಿದ ಉದ್ದನೆಯ ಕೋಲು. ಹೊಡೆಯುವುದಕ್ಕಲ್ಲ, ಹತ್ತಿರ ಬರಬೇಡ ಎನ್ನುವುದಕ್ಕೆ. ನನ್ನ ಇನ್ನೊಂದು ಕೈ ಮಾತ್ರ ಇಲ್ಲದ ಹಗ್ಗವನ್ನು ಹಿಡಿದಂತೆ ಮುಷ್ಟಿ ಬಿಗಿದುಕೊಂಡೇ ಇತ್ತು. ಯಜಮಾನ ಗೋಡೆಯ ಮೇಲೆ ಕೂತು ನೋಡಿ ನಕ್ಕ. "ಬೆರಳು ಬಿಚ್ಚಿ ಸಾರ್, ಅವಳೇನೂ ಗಾಳಿಪಟ ಅಲ್ಲ."

ಆರೂ ಇಪ್ಪತ್ತಕ್ಕೆ ಕೆಲಸ ನಿಲ್ಲಿಸಿದೆ. ಗೇಟಿನ ಬಳಿ ಹೋಗಿ, ನೆಲದ ಮೇಲೆ ಬೆಲ್ಲವಿಟ್ಟು ಪಕ್ಕಕ್ಕೆ ಸರಿದೆ. ತುಂಬ ಹೊತ್ತಿನ ಮೇಲೆ ಅದು ಬಂದು ತಿಂದಿತು.

ನಾಲ್ಕೈದು ದಿನ ಹೀಗೇ. ನಾನು ಕಲಿತದ್ದು ಒಂದು ಸಣ್ಣ ವಿಷಯ, ಅದೂ ಆಕಸ್ಮಿಕವಾಗಿ. ಬೂಟಿನ ದಾರ ಬಿಚ್ಚಿತ್ತೆಂದು ಬಗ್ಗಿದೆ. ಗೊರಸಿನ ಸದ್ದು ನಿಂತಿತು. ತಲೆಯೆತ್ತಿದರೆ ಕುದುರೆ ನಿಂತು ನನ್ನನ್ನೇ ನೋಡುತ್ತಿತ್ತು, ಒಂದು ಕಿವಿ ಈ ಕಡೆಗೆ. ನಾನು ದಿಟ್ಟಿಸದಿದ್ದರೆ ಅದಕ್ಕೆ ಸಾಕು. ಅಲ್ಲಿಂದ ಮುಂದೆ ಎಲ್ಲ ಬೇಗ ಆಯಿತು. ಅದರ ಭುಜಕ್ಕಿಂತ ಹಿಂದೆ ನಾನು ಒಂದು ಹೆಜ್ಜೆ ಇಟ್ಟರೆ ಓಡುತ್ತಿತ್ತು, ಮುಂದೆ ಇಟ್ಟರೆ ನಿಧಾನವಾಗುತ್ತಿತ್ತು, ಬೆನ್ನು ತಿರುಗಿಸಿ ನಡೆದರೆ ಹಿಂದೆಯೇ ಬರುತ್ತಿತ್ತು. ಮೊದಲ ಸಲ ಅದರ ಉಸಿರು ನನ್ನ ಕತ್ತಿಗೆ ತಾಗಿದಾಗ ನಾನು ಅಲುಗದೆ ನಿಂತೆ. ಮೂವತ್ತೆರಡು ವರ್ಷದಲ್ಲಿ ಯಾವ ಕುದುರೆಯೂ ತಾನಾಗಿ ನನ್ನ ಬಳಿಗೆ ಬಂದಿರಲಿಲ್ಲ. ಎಲ್ಲವನ್ನೂ ನಾನು ಎಳೆದು ತಂದವನೇ.

ಮೂರನೆಯ ವಾರ ಹಗ್ಗವನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ಹೋದೆ. ಆಮೇಲೆ ಅದರ ಬೆನ್ನ ಮೇಲೆ ಇಟ್ಟೆ. ಆಮೇಲೆ ಕುತ್ತಿಗೆಯ ಮೇಲೆ. ಕೊನೆಗೆ ತಲೆಗೆ ಪಟ್ಟಿ ಹಾಕಿದಾಗಲೂ ಮೈ ನಡುಗಿತೇ ಹೊರತು ಎದ್ದು ನಿಲ್ಲಲಿಲ್ಲ. ಬಳೇಪೇಟೆಯ ಬ್ಯಾಂಡಿನವನೊಬ್ಬ ದಿನವೂ ಬಂದು ಗೋಡೆಯಾಚೆ ತುತ್ತೂರಿ ಊದಿದ, ಮೊದಲು ಬೀದಿಯ ತುದಿಯಿಂದ, ಆಮೇಲೆ ಹತ್ತಿರದಿಂದ. ಕುದುರೆ ನನ್ನ ತೋಳಿಗೆ ಮೂತಿ ಒತ್ತಿ ನಿಂತಿತು.

"ನನ್ನ ಸಂಗೀತಕ್ಕೆ ಇಷ್ಟು ತೆಪ್ಪಗೆ ಯಾರೂ ನಿಂತಿಲ್ಲ ಗುರುಗಳೇ" ಎಂದ ಬ್ಯಾಂಡಿನವನು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಯಜಮಾನ ನನ್ನ ಗಮನ ಸೆಳೆದ. ಆರೂ ಇಪ್ಪತ್ತಕ್ಕೆ ಇನ್ನೂ ಎರಡು ನಿಮಿಷ ಇರುವಾಗಲೇ ಕುದುರೆ ನನ್ನನ್ನು ಬಿಟ್ಟು ಹೋಗಿ, ಗೇಟಿಗೆ ಎದೆ ತಾಗಿಸಿ ನಿಂತಿತ್ತು.

"ನೋಡಿ ಸಾರ್, ಟೈಮ್ ಕೂಡ ಗೊತ್ತಾಗುತ್ತೆ. ಥೇಟ್ ನಿಮ್ಮ ಥರಾನೇ ಆಗ್ಬಿಟ್ಟಿದಾಳೆ. ಇನ್ನೇನು, ಬೂಟ್ ಹಾಕಿಸಿ ವಾಕಿಂಗ್ ಕರ್ಕೊಂಡ್ ಹೋಗಿ."

ಇಬ್ಬರೂ ನಕ್ಕೆವು. ನನಗೆ ಹೆಮ್ಮೆಯಾಯಿತು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಕುದುರೆ ಅಂದು ಗೇಟಿನ ಮುಂದೆ ನಿಂತು ತಾನು ಕಲಿತದ್ದೇನು ಎಂಬುದನ್ನು ನನಗೆ ಸ್ಪಷ್ಟವಾಗಿ ಹೇಳುತ್ತಿತ್ತು. ಕಷ್ಟವೆಲ್ಲ ಅಂಗಳದ ನಡುವೆ, ನೆಮ್ಮದಿ ಗೇಟಿನ ಬಳಿ. ನಾನು ನಿಂತಿರುವ ಕಡೆ ಕೆಲಸ, ಗೇಟಿನ ಕಡೆ ಬೆಲ್ಲ. ದಳದಲ್ಲಿ ಇದರಿಂದ ತೊಂದರೆಯಾಗಿರಲಿಲ್ಲ, ಏಕೆಂದರೆ ಅಲ್ಲಿ ಕುದುರೆ ಎಲ್ಲಿಗೆ ಹೋಗಬೇಕೆನ್ನುವುದನ್ನು ಹಗ್ಗ ನಿರ್ಧರಿಸುತ್ತಿತ್ತು. ಹಗ್ಗ ತೆಗೆದುಹಾಕಿದ ನಾನು ಆ ಹಳೆಯ ಕ್ರಮವನ್ನು ತೆಗೆದುಹಾಕಲಿಲ್ಲ. ನನಗೆ ಹೊಳೆಯಲೇ ಇಲ್ಲ. ಬೆಲ್ಲವನ್ನು ಅಂಗಳದ ನಡುವೆಯೇ, ನನ್ನ ಕಾಲ ಬಳಿಯೇ ಕೊಟ್ಟಿದ್ದರೆ ಸಾಕಿತ್ತು. ಇಪ್ಪತ್ತು ಹೆಜ್ಜೆಯ ವ್ಯತ್ಯಾಸ.

ಸಂಕ್ರಾಂತಿಯ ಹಿಂದಿನ ದಿನ ಉಳಿದದ್ದು ಪಟಾಕಿ ಒಂದೇ. ನಾನು ಇನ್ನೂ ಎರಡು ತಿಂಗಳು ಬೇಕೆಂದೆ.

"ಎರಡು ತಿಂಗಳು ಕೂರಿಸಿ ಮೇವು ಹಾಕೋಕೆ ಆಗಲ್ಲ ಸಾರ್. ಪಟಾಕಿ ಇಲ್ದಿರೋ ದಿಬ್ಬಣ ಎಲ್ಲಿದೆ, ನೀವೇ ಹೇಳಿ. ಈಗ ತಡಕೊಂಡ್ಲು ಅಂದ್ರೆ ಇವಳು ನನ್ನ ಮನೆಯಲ್ಲೇ ಸಾಯೋವರೆಗೂ ಇರ್ತಾಳೆ. ನನ್ನ ತಾಯಿ ಆಣೆ."

ಒಪ್ಪಿದೆ. ಎಲ್ಲವನ್ನೂ ನಾನೇ ಗೊತ್ತುಮಾಡಿದೆ. ಒಂದೇ ಒಂದು ಸಣ್ಣ ಪಟಾಕಿ. ಗೇಟಿಗೆ ದೂರವಿರಲಿ ಎಂದು ಹಿಂದಿನ ಗೋಡೆಯಾಚೆ ಯಜಮಾನ ಹಚ್ಚಬೇಕು. ಸಮಯ ಆರೂ ಹದಿನೈದು. ಅದಕ್ಕೆ ಮೊದಲು ಗೇಟಿನ ಸರಪಳಿಯನ್ನು ಮೂರು ಸಲ ಎಳೆದು ನೋಡಿದೆ. ಬಿಗಿಯಾಗಿತ್ತು. ತಲೆಪಟ್ಟಿಯನ್ನೂ ತೆಗೆದೆ, ಓಡಿದರೆ ಕಾಲಿಗೆ ಏನೂ ಸಿಕ್ಕಿಕೊಳ್ಳಬಾರದು. ಕುದುರೆ ನನ್ನ ಪಕ್ಕದಲ್ಲಿ ನಿಂತಿತ್ತು, ಒಂದು ಹಿಂಗಾಲನ್ನು ಸಡಿಲಬಿಟ್ಟು, ಕೆಳತುಟಿ ಜೋತು. ಅಷ್ಟು ನಿರಾಳವಾಗಿ ಅದು ಎಂದೂ ನಿಂತದ್ದನ್ನು ನೋಡಿರಲಿಲ್ಲ.

ಸದ್ದು ಬಹಳ ದೊಡ್ಡದೇನೂ ಅಲ್ಲ.

ಕುದುರೆ ಹಿಂಗಾಲ ಮೇಲೆ ಏಳಲಿಲ್ಲ, ಒದೆಯಲಿಲ್ಲ, ದಿಕ್ಕೆಟ್ಟು ಸುತ್ತಲಿಲ್ಲ. ತನಗೆ ನಾನು ಕಲಿಸಿದ್ದ ನೆಮ್ಮದಿಯ ಜಾಗಕ್ಕೆ ನೇರವಾಗಿ ಹೋಯಿತು. ಸುತ್ತಲೂ ಹುಲ್ಲಿನ ಚೀಲವಿದ್ದ ಆ ಅಂಗಳದಲ್ಲಿ ಚೀಲವಿಲ್ಲದ ಒಂದೇ ಜಾಗಕ್ಕೆ. ಎದೆ ಗೇಟಿಗೆ ಬಡಿಯಿತು. ಸರಪಳಿ ತಡೆದುಕೊಂಡಿತು. ತಗಡಿನ ಕೆಳತುದಿ ಹೊರಕ್ಕೆ ಮಡಚಿಕೊಂಡಿತು, ಮುಂಗಾಲು ಅದರ ಅಡಿಯಲ್ಲಿ ಹೋಗಿ, ಹಿಂದಕ್ಕೆ ಎಳೆದುಕೊಂಡಾಗ ಗೊರಸಿನ ಮೇಲುಭಾಗದ ನರ ಕೊಯ್ದುಹೋಯಿತು.

ಯಜಮಾನ ಗೋಡೆ ಹಾರಿ ಬಂದ. "ಏನಾಯ್ತು ಸಾರ್, ಏನಾಯ್ತು?" ಕುದುರೆ ಮೂರು ಕಾಲ ಮೇಲೆ ಗೇಟಿನ ಬಳಿಯೇ ನಿಂತಿತ್ತು. ಓಡಿಹೋಗುವ ಪ್ರಯತ್ನ ಮಾಡಲಿಲ್ಲ. ಮರಳು ಕೆಂಪಾಗುತ್ತಿತ್ತು. ತಲೆ ತಿರುಗಿಸಿ ನನ್ನ ಕಡೆ ನೋಡಿತು, ಎರಡೂ ಕಿವಿ ಮುಂದೆ ಮಾಡಿ. ಗೇಟಿಗೆ ಬಂದಾಯಿತು, ಬೆಲ್ಲ ಎಲ್ಲಿ ಎಂದು ಕಾಯುತ್ತಿತ್ತು.

ನನ್ನ ಜೇಬಿನಲ್ಲಿತ್ತು. ಹೋಗಿ ಕೊಟ್ಟೆ. ತಿಂದಿತು.

ದನದ ಡಾಕ್ಟರು ಬಂದು ಹೊಲಿಗೆ ಹಾಕಿದರು. ಗಾಯ ವಾಸಿಯಾಗುತ್ತದೆ, ಆದರೆ ಈ ಕಾಲಿನ ಮೇಲೆ ಇನ್ನು ಭಾರ ಹೊರಿಸಲಾಗದು ಎಂದರು. ಯಜಮಾನ ನನ್ನನ್ನು ಬೈಯಲಿಲ್ಲ. "ಪಟಾಕಿ ಬೇಕು ಅಂದೋನು ನಾನು ಸಾರ್" ಎಂದ. ಗೇಟಿನ ಬೆಲ್ಲದ ವಿಷಯ ಅವನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಹೇಳಲಿಲ್ಲ. ಅವನು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡೇ ಇದ್ದ, ನಾನು ಹೊರಲು ಬಿಟ್ಟೆ.

ಹಬ್ಬದ ದಿನ ಬೀದಿಯಲ್ಲಿ ಹೆಣ್ಣುಮಕ್ಕಳು ಎಳ್ಳು ಬೀರುತ್ತಿದ್ದರು. ನಾನು ಲಾಯದಲ್ಲಿ ಗಾಯದ ಪಟ್ಟಿ ಬದಲಿಸುತ್ತಿದ್ದೆ. ಹದಿನೈದು ದಿನ ಬೆಳಿಗ್ಗೆ ಆರಕ್ಕೆ ಹೋಗಿ ಗಾಯ ತೊಳೆದೆ. ಪ್ರತಿದಿನ ಅದು ನನ್ನ ಹೆಜ್ಜೆಯ ಸದ್ದಿಗೆ ಕೆನೆಯಿತು. ಅದಕ್ಕೆ ನನ್ನ ಮೇಲೆ ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

ಹದಿನಾರನೆಯ ದಿನ ಯಜಮಾನ ಮನೆಗೇ ಬಂದ. ಬಾಗಿಲಲ್ಲಿ ನಿಂತ, ಒಳಗೆ ಬಾ ಎಂದರೂ ಬರಲಿಲ್ಲ.

"ಲಾರಿ ಬಂದಿದೆ ಸಾರ್. ನನಗಿರೋದು ಮೂರು ಕುದುರೆ, ಇವಳು ದುಡೀದೆ ನಿಂತ್ರೆ ಉಳಿದೆರಡಕ್ಕೂ ಮೇವಿಲ್ಲ. ಏನ್ ಮಾಡ್ಲಿ?" ಮತ್ತೆ ಹೇಳಿದ: "ದಲ್ಲಾಳಿಯೋರು ಹಗ್ಗ ಹಾಕೋಕೆ ಹೋದ್ರೆ ಹತ್ರ ಸೇರಿಸ್ತಿಲ್ಲ. ಕುಂಟ್ಕೊಂಡೇ ಒದೀತಿದಾಳೆ. ಅವರು ಹೊಡಿಯೋಕ್ ಶುರು ಮಾಡ್ತಾರೆ. ನೀವು ಬಂದ್ರೆ..."

ನಾನು ಬೂಟು ಹಾಕಿಕೊಂಡೆ. ಹೆಂಡತಿ ಅಡುಗೆಮನೆಯಿಂದ ಬಂದು ನನ್ನ ಜೇಬಿಗೆ ಒಂದು ಪೊಟ್ಟಣ ತುರುಕಿದಳು. ಹಬ್ಬದಲ್ಲಿ ಉಳಿದ ಎಳ್ಳುಬೆಲ್ಲ. "ಬರಿಗೈಯಲ್ಲಿ ಹೋಗ್ಬೇಡಿ" ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದು ಅಪರೂಪ.

ಓಣಿಯಲ್ಲಿ ಲಾರಿ ಹಿಂಬಾಗಿಲು ತೆಗೆದು ನಿಂತಿತ್ತು, ನೆಲಕ್ಕೆ ಹಲಗೆ ಇಳಿಬಿಟ್ಟಿದ್ದರು. ಹಗ್ಗ ಹಿಡಿದಿದ್ದವರಿಗೆ ದೂರ ಸರಿಯಲು ಹೇಳಿದೆ. ಬೊಂಬಿನ ಅಡ್ಡಗಟ್ಟೆ ತೆಗೆದೆ. ಕುದುರೆಯ ಮೈಮೇಲೆ ಏನೂ ಇರಲಿಲ್ಲ. ನಾನು ಅದನ್ನು ದಿಟ್ಟಿಸಲಿಲ್ಲ. ಬೆನ್ನು ತಿರುಗಿಸಿ ನಡೆದೆ.

ಹಿಂದೆ ಗೊರಸಿನ ಸದ್ದು ಬಂತು. ಮೂರು ಹೆಜ್ಜೆ ಸರಿಯಾಗಿ, ಒಂದು ಎಳೆದು. ನಾನು ಹಲಗೆ ಹತ್ತಿದೆ. ಅದೂ ಹತ್ತಿತು. ಕುಂಟುವ ಕಾಲು ಹಲಗೆಯ ಮೇಲೆ ಜಾರಿದಾಗ ನಿಂತು ಕಾದೆ, ಅದು ಸುಧಾರಿಸಿಕೊಂಡು ಮತ್ತೆ ಬಂತು.

"ಅಬ್ಬಾ, ಹಗ್ಗ ಇಲ್ದೇನೇ!" ಎಂದ ಲಾರಿಯವನು. "ಎಂಥಾ ಟ್ರೈನಿಂಗ್ ಯಜಮಾನ್ರೇ!"

ಅದನ್ನು ಒಳಗೆ ನಿಲ್ಲಿಸಿ, ಹಲಗೆಯಿಂದ ಇಳಿದೆ. ಹಿಂಬಾಗಿಲು ಮುಚ್ಚಿ ಸರಪಳಿ ಹಾಕಿದರು. ಒಳಗೆ ತಿರುಗುವಷ್ಟು ಜಾಗವಿತ್ತು, ತಿರುಗಿತು. ಮುಚ್ಚಿದ ಬಾಗಿಲಿಗೆ ಎದೆ ತಾಗಿಸಿ, ಹಲಗೆಗಳ ಮೇಲಿಂದ ಮೂತಿ ಹೊರಗೆ ಚಾಚಿ ನಿಂತಿತು. ನಾನು ಪೊಟ್ಟಣ ಬಿಚ್ಚಿ ಅಂಗೈ ಹಿಡಿದೆ. ಎಳ್ಳು, ಕಡಲೆ, ಕೊಬ್ಬರಿಯ ನಡುವಿನಿಂದ ತುಟಿಯಲ್ಲೇ ಬೆಲ್ಲದ ಚೂರುಗಳನ್ನು ಆರಿಸಿಕೊಂಡಿತು. ಆತುರವಿಲ್ಲದೆ. ಕೆಲಸ ಮುಗಿಯಿತೆಂದು ಅದು ತಿಳಿದುಕೊಂಡಿತ್ತು.

ಲಾರಿ ಹೊರಟಿತು. ಈ ಸಲ ನಾನು ಓಣಿಯ ತಿರುವಿನವರೆಗೂ ನೋಡುತ್ತ ನಿಂತೆ. ನೋಡಿದ್ದರಿಂದ ಏನೂ ಆಗಲಿಲ್ಲ.